ಓದುವ ದೀಪದ ಸಾಕೆಟ್

ಫೆಬ್ರವರಿ ೩, ಸೋಮವಾರ

ಮಲಗುವ ಕೋಣೆಯ ಸಾಕೆಟ್ ಸುಟ್ಟಿತು. ಬೆಂಕಿ ಹೊತ್ತಲಿಲ್ಲ, ಹೊಗೆಯೂ ಅಷ್ಟಾಗಿ ಬರಲಿಲ್ಲ. ಬೆಳಿಗ್ಗೆ ಇವರ ಬೆನ್ನಿಗೆ ದಿಂಬು ಕೊಡುತ್ತಿದ್ದಾಗ ಪ್ಲಾಸ್ಟಿಕ್ ಕರಗಿದ ವಾಸನೆ ಮೂಗಿಗೆ ಬಡಿಯಿತು. ಇವರಿಗೆ ನನಗಿಂತ ಮೊದಲೇ ಗೊತ್ತಾಗಿತ್ತೇನೋ, ಗೋಡೆಯ ಕಡೆಗೇ ನೋಡುತ್ತಿದ್ದರು. ಹೀಟರಿನ ಸ್ವಿಚ್ಚು ಆರಿಸಿ, ಒಣ ಟವೆಲಿನಲ್ಲಿ ಹಿಡಿದು ಪ್ಲಗ್ ಎಳೆದೆ. ಸಾಕೆಟ್ಟಿನ ಬಿಳಿ ಮುಖದ ಮೇಲೆ ಕಂದು ಕಲೆ. ಒಂದು ರಂಧ್ರ ಬಾಯಿ ಸೊಟ್ಟ ಮಾಡಿಕೊಂಡಿದೆ. ಹೀಗೆ ಬರೆದ ಮೇಲೆ ಪೆನ್ನು ನಿಂತಿತು. ಇವರ ಬಾಯಿಯೂ ಈಗ ಒಂದು ಕಡೆಗೆ ಹಾಗೇ ಇದೆ.

ಹೀಟರ್ ತಂದುಕೊಟ್ಟವರು ಅತ್ತಿಗೆ, ಇವರ ಅಕ್ಕ. ಪಾರ್ಶ್ವವಾಯು ಹೊಡೆದಿದ್ದ ತಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನವೇ ಹೊತ್ತು ತಂದಿದ್ದರು. ಬಲಗೈ, ಬಲಗಾಲು ತಣ್ಣಗಿವೆ, ಬೆಚ್ಚಗಿಡಬೇಕು ಎಂದು. ನನ್ನ ಓದುವ ದೀಪದ ಪ್ಲಗ್ ಕಿತ್ತು ಅಲ್ಲಿ ಅದನ್ನು ಸಿಕ್ಕಿಸಿದವರೂ ಅವರೇ. ಇಂದು ಮಧ್ಯಾಹ್ನ ಬಂದು ಕಲೆ ನೋಡಿ ಎದೆಗೆ ಕೈ ಇಟ್ಟುಕೊಂಡರು.

"ಇದನ್ನೇ ನಾನು ಬಡ್ಕೊಳ್ತಿದ್ದದ್ದು. ಹಳೇ ಮನೆ, ಹಳೇ ವೈರು. ನಾಳೆ ಮಂಚಕ್ಕೇ ಬೆಂಕಿ ಬಿದ್ರೆ ಇವನು ಎದ್ದು ಓಡ್ತಾನಾ? ನೀನು ಎತ್ಕೊಂಡು ಓಡ್ತೀಯಾ?"

"ಸಾಕೆಟ್ ಬದಲಾಯಿಸಿದ್ರೆ ಸರಿ ಹೋಗುತ್ತೆ ಅತ್ತಿಗೆ."

"ಯಾರು ಬದಲಾಯಿಸೋದು, ನೀನಾ? ಕವಿತೆ ಓದಿ ಹೇಳಿದ್ರೆ ಕರೆಂಟು ಸುಮ್ನಿರುತ್ತಾ?"

ಆಮೇಲೆ ಮಂಚದ ಅಂಚಿನಲ್ಲಿ ಕೂತು ತಮ್ಮನ ಗಲ್ಲ ಸವರಿದರು. "ನಮ್ಮನೆಗೆ ಬಂದ್ಬಿಡೋ. ಕೆಳಗಿನ ರೂಮು ಖಾಲಿ ಮಾಡಿಸಿದ್ದೀನಿ, ಸುಣ್ಣನೂ ಆಯ್ತು. ಹದಿನಾರನೇ ತಾರೀಕು ಭಾನುವಾರ, ಗಾಡಿ ತರ್ತೀನಿ. ಈ ಮನೆ ಬಿಟ್ಟುಕೊಡೋಣ. ಏನಂತೀಯ?"

"ಆಯ್ತು," ಎಂದರು ಇವರು.

ಅತ್ತಿಗೆಯ ಕಣ್ಣು ತುಂಬಿ ಬಂತು. ನನ್ನದೂ. ಕಾರಣ ಒಂದೇ ಅಲ್ಲ.

ಫೆಬ್ರವರಿ ೪, ಮಂಗಳವಾರ

ಇವರಿಗೆ ಉಳಿದಿರುವುದು ಆ ಒಂದೇ ಪದ. ಹಸಿವಾ? ಆಯ್ತು. ನೋವಾ? ಆಯ್ತು. ಕಿಟಕಿ ತೆರೀಲಾ, ಮುಚ್ಚಲಾ? ಆಯ್ತು. ಪ್ರತಿ ಸಂಜೆ ಒಂದು ಕವಿತೆ ಓದಿ ಹೇಳುತ್ತೇನೆ. ಮುಗಿಸಿ ಮುಖ ನೋಡಿದರೆ, ಆಯ್ತು. ಮಾತು ಕಲಿಸಲು ಬರುವ ಹುಡುಗಿ ಮೊದಲ ವಾರವೇ ಎಚ್ಚರಿಸಿದ್ದಳು, "ಅದನ್ನ ಒಪ್ಪಿಗೆ ಅಂದ್ಕೋಬೇಡಿ ಆಂಟಿ. ಬಾಯಿಗೆ ಬರೋದು ಅದೊಂದೇ, ಅದಕ್ಕೇ ಅಂತಾರೆ. ನೀವು ಮಾತ್ರ ಮೃದುವಾಗಿ, ನಿಧಾನವಾಗಿ ಮಾತಾಡಿ. ಬೇಜಾರಾಗೋ ಥರ ಏನೂ ಬೇಡ." ಮೃದುವಾಗಿಯೇ ಮಾತಾಡುತ್ತಿದ್ದೇನೆ. ನನ್ನ ದನಿ ನನಗೇ ಆಸ್ಪತ್ರೆಯ ಧ್ವನಿವರ್ಧಕದ ಹಾಗೆ ಕೇಳುತ್ತದೆ.

ಆ ಪದವೇ ಏಕೆ ಉಳಿಯಿತು ಎಂಬುದು ನನಗೆ ಗೊತ್ತು. ಇವರು ನಾಟಕಮಂದಿರದಲ್ಲಿ ದೀಪ ನೋಡಿಕೊಳ್ಳುತ್ತಿದ್ದವರು. ನಟರೆಲ್ಲ ಕತ್ತಲೆ ಮಾಸ್ತರು ಎನ್ನುತ್ತಿದ್ದರು. ದೀಪ ಯಾರು ಬೇಕಾದರೂ ಹಚ್ಚುತ್ತಾರೆ, ಕತ್ತಲೆ ಮಾಡುವುದೇ ಕಷ್ಟ ಎನ್ನುವುದು ಇವರ ವಾದ. ಅಲ್ಲಿನ ಪದ್ಧತಿಯೆಂದರೆ 'ಹೇಳಿ ಮಾಡು'. ತಂತಿಗೆ ಕೈ ಹಾಕುವವನು ತಾನು ಮಾಡಲಿರುವುದನ್ನು ಗಟ್ಟಿಯಾಗಿ ಹೇಳಬೇಕು. ಇನ್ನೊಬ್ಬ "ಆಯ್ತು" ಎಂದ ಮೇಲೆಯೇ ಮಾಡಬೇಕು. ಜೀವಮಾನವಿಡೀ ಆ ಇನ್ನೊಬ್ಬ ಇವರೇ ಆಗಿದ್ದರು. ಮಾತಿನ ಗೋಡೆ ಕುಸಿದಾಗ ಆ ಒಂದು ಇಟ್ಟಿಗೆ ಜಾಗ ಬಿಡಲಿಲ್ಲ.

ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. "ಒಂದು ಸಾಕೆಟ್ಟಿಗೆ ಯಾರು ಬರ್ತಾರೆ ಮೇಡಂ? ಇನ್ನೂ ನಾಲ್ಕು ಕೆಲಸ ಕೂಡಿಹಾಕಿ, ಆಮೇಲೆ ಹೇಳಿ." ಇನ್ನೊಬ್ಬನಿಗೆ ಮಾಡಿದೆ. ಮುಂದಿನ ತಿಂಗಳಂತೆ.

ಈ ಮನೆ ಬಿಡುವುದು ಇವರಿಗೆ ನಿಜವಾಗಿ ಬೇಕಿದ್ದರೆ ತುಟಿ ಪಿಟಕ್ಕೆನ್ನದೆ ಗಂಟುಮೂಟೆ ಕಟ್ಟುತ್ತೇನೆ. ಬೇಡವಾಗಿದ್ದರೆ ಅದು ನನಗೆ ತಿಳಿಯಬೇಕು. ಎಲ್ಲದಕ್ಕೂ ಹೂಂಗುಟ್ಟುವ ಮನುಷ್ಯನಿಂದ ಅದನ್ನು ತಿಳಿಯುವುದು ಹೇಗೆ?

ಫೆಬ್ರವರಿ ೬, ಗುರುವಾರ

ನಾನೇ ಬದಲಾಯಿಸುತ್ತೇನೆ ಎಂದು ಇವರಿಗೆ ಹೇಳಿದೆ. ಆಯ್ತು ಎಂದರು. ಆದರೆ ಹುಬ್ಬು ಏರಿತು. ಎಡಗಡೆಯದು.

ಅಂಗಡಿಯವನಿಗೆ ಮೊಬೈಲಿನಲ್ಲಿ ತೆಗೆದ ಫೋಟೋ ತೋರಿಸಿದೆ. ಅವನು ಅದನ್ನು ದೊಡ್ಡದು ಮಾಡಿ ನೋಡಿ ತಲೆಯಾಡಿಸಿದ. "ಇದರಲ್ಲಿ ಹೀಟರ್ ಹಾಕಿದ್ರಾ? ಕರುವಿನ ಹೆಗಲಿಗೆ ನೊಗ ಕಟ್ಟಿದ ಹಾಗಾಯ್ತು."

"ಹಾಗಾದ್ರೆ ದೊಡ್ಡದೇ ಕೊಡಿ."

"ಗೋಡೆ ಒಳಗಿನ ವೈರು ಸಣ್ಣದೇ ತಾನೆ? ಬಾಯಿ ಮಾತ್ರ ದೊಡ್ಡದು ಮಾಡಿದ್ರೆ ಹೊಟ್ಟೆ ದೊಡ್ಡದಾಗುತ್ತಾ? ಅದೇ ಅಳತೆದು ತಗೊಳ್ಳಿ, ಬರೀ ದೀಪ ಹಾಕಿ. ಬಿಚ್ಚಿದಾಗ ವೈರಿನ ಸಿಪ್ಪೆ ಒಳಗಿನವರೆಗೂ ಸುಟ್ಟಿದ್ರೆ ಮಾತ್ರ ಕೈ ಹಾಕ್ಬೇಡಿ. ಯಾರನ್ನಾದ್ರೂ ಕರೆಸಿ."

ಹೊಸ ಸಾಕೆಟ್ ಅಂಗೈಯಲ್ಲಿ ತಣ್ಣಗೆ, ಹಗುರಾಗಿದೆ. ಬೆನ್ನಿನಲ್ಲಿ ಹಿತ್ತಾಳೆಯ ಮೂರು ಗೂಡು, ಒಂದೊಂದಕ್ಕೂ ಒಂದು ಸ್ಕ್ರೂ. ಇಷ್ಟು ವರ್ಷ ಇದರ ಮುಖ ಮಾತ್ರ ನೋಡಿದ್ದೆ.

ಫೆಬ್ರವರಿ ೮, ಶನಿವಾರ

ಇವರ ಉಪಕರಣದ ಪೆಟ್ಟಿಗೆ ಇಳಿಸಿದೆ. ಮುಚ್ಚಳ ತೆಗೆದಾಗ ರಂಗದ ಹಿಂಬದಿಯ ವಾಸನೆ ಬಂತು. ಬಿಸಿಯಾದ ದೂಳು, ರಬ್ಬರು. ಇವರ ಮೂಗು ಅರಳಿತು.

ಗೋಡೆಗೆ ಹೋಗುವ ಮೊದಲು ಮೇಜಿನ ಮೇಲೆ ತಾಲೀಮು ಎಂದುಕೊಂಡೆ. ಪೆಟ್ಟಿಗೆಯಲ್ಲಿದ್ದ ತುಂಡು ವೈರುಗಳನ್ನು ತೆಗೆದು ತುದಿಯ ಸಿಪ್ಪೆ ಸುಲಿದೆ. ಕೆಂಪು ಕರೆಂಟಿನದು, ಕಪ್ಪು ಅದು ಮರಳುವ ದಾರಿ, ಹಸಿರು ಅರ್ತ್. ಅರ್ತ್ ಕೆಲಸವಿಲ್ಲದೆ ಸುಮ್ಮನೆ ಕೂತಿರುತ್ತದೆ. ಅಪಾಯ ಬಂದಾಗ ಮಾತ್ರ ಅದನ್ನು ತಾನು ನುಂಗಿ ನೆಲಕ್ಕಿಳಿಸುತ್ತದೆ. ಇವರ ಕುರ್ಚಿಯನ್ನು ಮೇಜಿನ ಎದುರು ನೂಕಿ ತಂದೆ.

"ಹಸಿರನ್ನ ಮೇಲಿನ ಗೂಡಿಗೆ ಹಾಕ್ತೀನಿ."

"ಆಯ್ತು."

"ಕಪ್ಪನ್ನ ಇಲ್ಲಿಗೆ."

"ಆಯ್ತು."

ಹಳೆಯ ನಾಟಕಮಂದಿರದ ಹಾಗೇ. ಎಷ್ಟು ಚೆನ್ನಾಗಿ ಹೊಂದಿತೆಂದರೆ ನನಗೆ ಹೆದರಿಕೆಯಾಯಿತು. ಕೆಂಪು ವೈರು ಎತ್ತಿಕೊಂಡು, ಬೇಕೆಂದೇ, "ಇದನ್ನೂ ಹಸಿರಿನ ಜೊತೆ ಅರ್ತ್ ಗೂಡಿಗೇ ಹಾಕ್ತೀನಿ," ಎಂದೆ. ಹಾಗೆ ಹಾಕಿದರೆ ಆಮೇಲೆ ಅಲ್ಲಿ ಸಿಕ್ಕಿಸುವ ದೀಪದ ಲೋಹದ ಕಂಬವೇ ಮುಟ್ಟಿದವರನ್ನು ಕೊಲ್ಲುತ್ತದೆ. ಮದುವೆಯಾದ ಹೊಸದರಲ್ಲಿ ನನಗೆ ಹೇಳಿಕೊಟ್ಟವರು ಇವರೇ.

ಇವರು ವೈರು ನೋಡಿದರು, ನನ್ನನ್ನು ನೋಡಿದರು.

"ಆಯ್ತು."

ಎಲ್ಲವನ್ನೂ ಪೆಟ್ಟಿಗೆಗೆ ತುಂಬಿದೆ. "ಇವತ್ತಿಗೆ ಸಾಕು, ಚೆನ್ನಾಗಿ ಹೇಳ್ಕೊಟ್ರಿ," ಎಂದು ಮೃದುವಾಗಿ ಹೇಳಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ.

ಫೆಬ್ರವರಿ ೯, ಭಾನುವಾರ

ಇಂದು ನಾನು ಮಾಡಬಾರದ್ದನ್ನು ಮಾಡಿದೆ. ಮಾತು ಕಲಿಸುವ ಹುಡುಗಿಗೆ ಹೇಳುವುದಿಲ್ಲ.

ಬೆಳಿಗ್ಗೆ ಮತ್ತೆ ಮೇಜಿನ ಬಳಿ ಕೂತೆವು. ಮತ್ತೆ ಅದೇ ಸುಳ್ಳು ಹೆಜ್ಜೆ ಹೇಳಿ, ಕೆಂಪು ವೈರನ್ನು ಅರ್ತ್ ಗೂಡಿಗೆ ಸಿಕ್ಕಿಸಿಯೂಬಿಟ್ಟೆ. ಮತ್ತೆ "ಆಯ್ತು." ನನ್ನೊಳಗೆ ಏನೋ ಕಟ್ಟೆ ಒಡೆಯಿತು.

"ಏನು ಆಯ್ತು? ಏನು ಆಯ್ತು ನಿನ್ನ ತಲೆ? ನೋಡಿದ್ಯಾ ನಾನು ಎಲ್ಲಿಗೆ ಹಾಕಿದ್ದೀನಿ ಅಂತ? ನಿನ್ನ ಆಯ್ತು ನಂಬಿ ಗೋಡೆಗೆ ಕೈ ಹಾಕಿದ್ರೆ ನಾನು ಅಲ್ಲೇ ಸುಟ್ಟು ಕರಕಲಾಗ್ತೀನಿ. ಆಮೇಲೆ ನಿನ್ನಕ್ಕನ ಮನೆ ರೂಮಲ್ಲಿ ಕೂತ್ಕೊಂಡು ಆಯ್ತು ಆಯ್ತು ಅಂತಿರು. ಮಾತು ಹೋಗಿದೆ, ಒಪ್ಪಿದೆ. ಕಣ್ಣೂ ಹೋಗಿದೆಯಾ? ಕತ್ತಲೆ ಮಾಸ್ತರಂತೆ!"

ಹೇಳುತ್ತಿದ್ದಾಗಲೇ ನನ್ನ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು. ಆದರೆ ಇವನ ಮುಖ ಕೆಂಪಾಗಿತ್ತು. ಕತ್ತಿನ ನರ ಉಬ್ಬಿತ್ತು. ಎಡಗೈ ಮೇಜಿನ ಮೇಲೆ ಸರಿದು ಬಂದು ಸಾಕೆಟ್ಟನ್ನು ಹಿಡಿದು, ಅರ್ತ್ ಗೂಡಿನಿಂದ ಕೆಂಪು ವೈರನ್ನು ಕಿತ್ತು ನನ್ನ ಕಡೆ ಎಸೆಯಿತು. ತುಟಿ ಎರಡು ಮೂರು ಸಲ ಖಾಲಿ ಅಲುಗಿತು.

"ಅಲ್ಲ," ಎಂದ.

ನಾನು ವೈರು ಹೆಕ್ಕಿಕೊಂಡೆ. "ಮತ್ತೆಲ್ಲಿಗೆ?"

ಬೆರಳಿಟ್ಟು ತೋರಿಸಿದ. ಸರಿಯಾದ ಗೂಡು.

"ಅಷ್ಟು ಗೊತ್ತಿದ್ರೆ ನಿನ್ನೆ ಬಾಯಿ ಬಿಡೋಕೇನಾಗಿತ್ತು?" ಎಂದೆ. ಈ ಮಾತಿಗೆ ಈಗ ಪಶ್ಚಾತ್ತಾಪವಾಗುತ್ತಿದೆ. ಸ್ವಲ್ಪ.

ಫೆಬ್ರವರಿ ೧೦, ಸೋಮವಾರ

ಹೊಸ ಗಿಲಕಿ ಸಿಕ್ಕ ಮಗುವಿನ ಹಾಗೆ ದಿನವಿಡೀ "ಅಲ್ಲ." ಹೊದಿಕೆ ಅಲ್ಲ. ಆ ಲೋಟ ಅಲ್ಲ, ಈ ಲೋಟ. ನಡುನಡುವೆ ತಪ್ಪಿ ಆಯ್ತು ಎಂದುಬಿಟ್ಟು, ತಾನೇ ತಲೆಯಾಡಿಸಿ ಹಿಂದಕ್ಕೆ ಪಡೆಯುತ್ತಾನೆ. ಸಂಜೆ ಕವಿತೆ ಓದಿದೆ, ನನಗೆ ಬಹಳ ಇಷ್ಟವಾದದ್ದು, ಕಾಲೇಜಿನ ದಿನಗಳಿಂದಲೂ. ಕೊನೆಯ ಸಾಲಿಗೆ ಬರುವ ಮೊದಲೇ ಕೈ ಎತ್ತಿದ.

"ಅಲ್ಲ."

ಇಷ್ಟು ವರ್ಷ ಮರ್ಯಾದೆಗೆ ಕೇಳುತ್ತಿದ್ದನೋ ಏನೋ. ಪುಸ್ತಕ ಮುಚ್ಚಿಟ್ಟೆ. ರಸಜ್ಞಾನವಿಲ್ಲದವರಿಗೆ ಓದಿ ಏನು ಪ್ರಯೋಜನ?

ಫೆಬ್ರವರಿ ೧೨, ಬುಧವಾರ

ಮಾಡಿದೆ. ಬರೆಯಲು ಕೂತರೆ ಬೆರಳು ಇನ್ನೂ ಸ್ಕ್ರೂ ತಿರುಗಿಸುವ ಹಾಗೇ ಬಾಗಿವೆ.

ಕಿಟಕಿಯ ಬೆಳಕು ಚೆನ್ನಾಗಿದ್ದಾಗ ಶುರುಮಾಡಿದೆವು. ಕಾಲಿಗೆ ರಬ್ಬರ್ ಚಪ್ಪಲಿ. ಬಳೆ, ಉಂಗುರ ತೆಗೆದಿಟ್ಟೆ. ಫ್ಯೂಸು ಬೋರ್ಡಿನ ಕಡೆಗೆ ಹೊರಡುವ ಮೊದಲು ಇವನು ಎಡಗೈಯಿಂದ ತನ್ನ ಎದೆ ತಟ್ಟಿ ತಟ್ಟಿ ತೋರಿಸಿದ. ಎದೆನೋವೇ ಎಂದು ಗಾಬರಿಯಾದೆ. "ಅಲ್ಲ." ಮತ್ತೆ ತಟ್ಟಿದ. ಆಗ ತಿಳಿಯಿತು, ಜೇಬು. ತೆಗೆದ ಫ್ಯೂಸು ತಂತಿಗೆ ಕೈ ಹಾಕಿದವರ ಜೇಬಿನಲ್ಲೇ ಇರಬೇಕೆಂಬುದು ಇವನ ಕಟ್ಟಳೆ. ಮೇಜಿನ ಮೇಲಿಟ್ಟರೆ ಯಾರಾದರೂ ಪುಣ್ಯಾತ್ಮರು ಉಪಕಾರವೆಂದು ಮತ್ತೆ ಸಿಕ್ಕಿಸಿಬಿಡುತ್ತಾರೆ. ನನ್ನ ಬಟ್ಟೆಗೆ ಜೇಬೇ ಇಲ್ಲ. ಕಪಾಟಿನಿಂದ ಇವನ ಕಪ್ಪು ಅಂಗಿ ತೆಗೆದು ಮೇಲೆ ಹಾಕಿಕೊಂಡೆ. ನಾಟಕದ ಸಂಜೆಗಳಿಗೆಂದು ಇಂಥವು ರಾಶಿ ಇವೆ. ದೀಪದವರು ಕಾಣಬಾರದಲ್ಲ. ತೋಳು ಮಡಿಸಿ ತಿರುಗಿದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ ಮೂಗಿನಲ್ಲಿ ನಕ್ಕ.

ಮೇನ್ ಆರಿಸಿ, ಮಲಗುವ ಕೋಣೆಯ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು, ಟೆಸ್ಟರ್ ಪರೀಕ್ಷಿಸಲೆಂದು ಮೇನ್ ಮತ್ತೆ ಹಾಕಿದೆ. ಟೆಸ್ಟರಿನ ವಿಷಯದಲ್ಲೂ ಇವನಿಗೊಂದು ನೇಮವಿದೆ. ಮೊದಲು ಕರೆಂಟಿರುವ ಕಡೆ ಇಟ್ಟು ಅದು ಉರಿಯುತ್ತದೆಂದು ನೋಡಬೇಕು. ಆಮೇಲೆ ಕೆಲಸದ ಜಾಗ. ಆಮೇಲೆ ಮತ್ತೆ ಕರೆಂಟಿರುವ ಕಡೆ. ಟೆಸ್ಟರೇ ಸತ್ತಿದ್ದರೆ ಎಲ್ಲ ತಂತಿಯೂ ಸತ್ತಂತೆ ಕಾಣುತ್ತದೆ. ಹಜಾರದ ಸಾಕೆಟ್ಟಿನಲ್ಲಿ ಇಟ್ಟೆ. ಕೆಂಪಗೆ ಉರಿಯಿತು. ಕೋಣೆಗೆ ಬಂದು, "ಈಗ ಇಲ್ಲಿ ಇಡ್ತೀನಿ. ಆರಿರಬೇಕು," ಎಂದೆ.

"ಆಯ್ತು."

ಉರಿಯಿತು.

ಫ್ಯೂಸು ನನ್ನ ಜೇಬಿನಲ್ಲಿದೆ, ಕೋಣೆಯ ಪಂಖ ತಿರುಗುತ್ತಿಲ್ಲ, ಸುಟ್ಟ ಸಾಕೆಟ್ಟಿನಲ್ಲಿ ಮಾತ್ರ ಕರೆಂಟು ಹರಿಯುತ್ತಿದೆ. ನೇಮ ಬಿಟ್ಟು ನೇರ ಬಿಚ್ಚಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಹಿಂದೆ ಸರಿದು ಇವನ ಮುಖ ನೋಡಿದೆ. ಅವನಿಗೂ ಅಚ್ಚರಿ. ಕಣ್ಣು ಮುಚ್ಚಿ ಗೋಡೆಯೊಳಗಿನ ದಾರಿಗಳಲ್ಲಿ ನಡೆದು ಬಂದವನ ಹಾಗೆ ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ತುಟಿ ಒಂದು ಕಡೆಗೆ ಎದ್ದಿತು. ಬೆರಳು ಹಜಾರವನ್ನು ತೋರಿಸಿತು. ಅಲ್ಲಿಂದ ಗೋಡೆಗುಂಟ ಗಾಳಿಯಲ್ಲಿ ಒಂದು ಗೆರೆ ಎಳೆದು ಸಾಕೆಟ್ಟಿಗೆ ಬಂದು ನಿಂತಿತು.

"ಹಜಾರದ ಲೈನಾ? ಈ ಕೋಣೆಗೆ ಯಾಕೆ?"

ಬೆರಳು ಮೂಲೆಯಲ್ಲಿದ್ದ ಇಸ್ತ್ರಿಪೆಟ್ಟಿಗೆಗೆ ಹೋಯಿತು, ನಾನು ತೊಟ್ಟ ಕಪ್ಪು ಅಂಗಿಗೆ, ಆಮೇಲೆ ನನ್ನ ದೀಪಕ್ಕೆ.

ಒಂದು ಕಾಲದಲ್ಲಿ ಇವನು ಸಂಜೆ ಅಂಗಿ ಇಸ್ತ್ರಿ ಮಾಡಿದಾಗಲೆಲ್ಲ ಈ ಕೋಣೆಯ ಫ್ಯೂಸು ಹೋಗುತ್ತಿತ್ತು. ನಾನು ಓದುತ್ತಿದ್ದವಳು ಕತ್ತಲೆಯಲ್ಲಿ ಕೂತು ಬೈಯುತ್ತಿದ್ದೆ. ಆಮೇಲೆ ಯಾವಾಗಲೋ ದೀಪ ಆರುವುದು ನಿಂತಿತು. ಬೀದಿಯ ಕರೆಂಟು ಸುಧಾರಿಸಿತು ಎಂದುಕೊಂಡಿದ್ದೆ. ಎದುರುಮನೆಯವರ ಹತ್ತಿರ ಹೊಗಳಿಯೂ ಇದ್ದೆ. ಇವನು ನಾನಿಲ್ಲದ ಹೊತ್ತಿನಲ್ಲಿ ಗೋಡೆ ಕೊರೆದು, ನನ್ನ ಓದಿಗೆಂದೇ ಹಜಾರದಿಂದ ಬೇರೆ ವೈರು ಎಳೆದು ತಂದಿದ್ದಾನೆ. ತನ್ನ ಇಸ್ತ್ರಿಯಿಂದ ಫ್ಯೂಸು ಹೋದರೂ ನನ್ನ ಪುಟ ಕತ್ತಲಾಗದಿರಲೆಂದು.

"ಹೇಳಲೇ ಇಲ್ಲವಲ್ಲೋ ಮಹರಾಯ."

ಭುಜ ಹಾರಿಸಿದ. ಒಂದು ಭುಜ. ಬಾಯಿ ಬಹಳ ಹೊತ್ತು ಹುಡುಕಿತು. "ಪು... ಪುಸ್ತಕ," ಎಂದ.

ಅವನ ಮಂಡಿಗೆ ಹಣೆ ಇಟ್ಟು ಸ್ವಲ್ಪ ಹೊತ್ತು ಕೂತೆ. ಅವನೇ ತಲೆಗೆ ತಟ್ಟಿ ಎಬ್ಬಿಸಿದ. ಕೆಲಸ.

ಹಜಾರದ ಫ್ಯೂಸೂ ಜೇಬಿಗೆ ಬಂತು. ಅಡುಗೆಮನೆಯ ಸಾಕೆಟ್ಟಿನಲ್ಲಿ ಟೆಸ್ಟರ್ ಉರಿಯಿತು, ಕೋಣೆಯಲ್ಲಿ ಆರಿತ್ತು, ಅಡುಗೆಮನೆಯಲ್ಲಿ ಮತ್ತೆ ಉರಿಯಿತು. ಇಷ್ಟಾದರೂ ಇವನಿಗೆ ಸಮಾಧಾನವಿಲ್ಲ. ಮೇನನ್ನೂ ಆರಿಸಲು ಸನ್ನೆ ಮಾಡಿದ, ಆರಿಸಿದೆ. ಮನೆಯೆಲ್ಲ ಸದ್ದಡಗಿತು. ಟಾರ್ಚು ಅವನ ಎಡಗೈಗೆ ಕೊಟ್ಟೆ.

ಎರಡು ಸ್ಕ್ರೂ ಬಿಚ್ಚಿ ಸಾಕೆಟ್ಟನ್ನು ಮೆಲ್ಲಗೆ ಹೊರಗೆಳೆದೆ. ಕೆಂಪು ವೈರಿನ ಸ್ಕ್ರೂ ಸಡಿಲವಾಗಿ ಅದರ ತುದಿ ಕಪ್ಪಗೆ ಸುಟ್ಟಿತ್ತು. ಉಳಿದದ್ದನ್ನು ಒತ್ತಿ ಬಾಗಿಸಿ ನೋಡಿದೆ. ಸಿಪ್ಪೆ ಮೆದುವಾಗಿ, ಬಣ್ಣ ಕೆಡದೆ ಇತ್ತು. "ತುದಿ ಮಾತ್ರ. ಒಳಗೆ ಚೆನ್ನಾಗಿದೆ," ಎಂದೆ. ಟಾರ್ಚಿನ ಬೆಳಕು ಹತ್ತಿರ ಬಂತು. ತಾನೂ ನೋಡಿ "ಆಯ್ತು" ಎಂದ. ಸುಟ್ಟಷ್ಟನ್ನು ಕತ್ತರಿಸಿ, ಹೊಸದಾಗಿ ಸುಲಿದು, ಎಳೆಗಳನ್ನು ಹೊಸೆದು ಮಡಿಸಿದೆ. ಹೇಳಿದೆ, ಮಾಡಿದೆ. ಹೇಳಿದೆ, ಮಾಡಿದೆ. ಕಪ್ಪು ವೈರಿನ ಸ್ಕ್ರೂ ಬಿಗಿದು ಮುಂದಕ್ಕೆ ಹೋಗುವಾಗ "ಅಲ್ಲ" ಎಂದ. ತಿರುಗಿ ನೋಡಿದರೆ ಗಾಳಿಯಲ್ಲಿ ಏನನ್ನೋ ಎಳೆಯುತ್ತಿದ್ದ. ವೈರು ಎಳೆದು ನೋಡಿದೆ. ಕಳಚಿ ಕೈಗೇ ಬಂತು. "ಗೊತ್ತಾಯ್ತು ಬಿಡು," ಎಂದೆ. ಒಂದೊಂದನ್ನೂ ಬಿಗಿದು, ಎಳೆದು ನೋಡಿ, ವೈರು ನುಲಿಯದಂತೆ ಒಳಗೆ ಮಡಿಸಿ ಕೂರಿಸಿದೆ. ಅಷ್ಟು ಹೊತ್ತೂ ಟಾರ್ಚಿನ ಬೆಳಕು ನಡುಗುತ್ತಿತ್ತು, ಆದರೆ ನನ್ನ ಬೆರಳು ಎಲ್ಲಿ ಹೋಗಬೇಕೋ ಅಲ್ಲಿ ಅದು ಒಂದು ಕ್ಷಣ ಮೊದಲೇ ಇರುತ್ತಿತ್ತು.

ಫ್ಯೂಸುಗಳು ಗೂಡಿಗೆ ಹೋದವು, ಮೇನ್ ಹಾಕಿದೆ, ದೀಪದ ಪ್ಲಗ್ ಸಿಕ್ಕಿಸಿದೆ. ಹತ್ತಿತು. ಹಗಲಾದ್ದರಿಂದ ಏನೂ ವಿಶೇಷ ಕಾಣಲಿಲ್ಲ. ಇಬ್ಬರೂ ಅದನ್ನೇ ನೋಡುತ್ತಾ ಕೂತಿದ್ದೆವು.

ಫೆಬ್ರವರಿ ೧೬, ಭಾನುವಾರ

ಅತ್ತಿಗೆ ಗಾಡಿ ತಂದರು, ದೊಡ್ಡದು. ಮಂಚ ಹಿಡಿಸುವಂಥದ್ದು. ಡ್ರೈವರ್ ಹಿಂಬಾಗಿಲು ತೆರೆದು ಹಗ್ಗ ಬಿಚ್ಚಿ ಕಾಯುತ್ತಿದ್ದ. ನಾನು ಏನನ್ನೂ ಕಟ್ಟಿರಲಿಲ್ಲ. ಹಾಗೆಂದು ಫೋನಿನಲ್ಲಿ ಹೇಳಿಯೂ ಇರಲಿಲ್ಲ. ಹೇಳಬೇಕಾದದ್ದು ನಾನಲ್ಲ, ಇವನು.

"ಏನಿದು, ಸಾಮಾನೆಲ್ಲ ಹಾಗೇ ಇದೆ? ಹೋಗ್ಲಿ, ನಾನೇ ಕಟ್ತೀನಿ. ಮೊದಲು ಇವನ ಬಟ್ಟೆ ಕೊಡು."

"ಅವನನ್ನೇ ಕೇಳಿ ಅತ್ತಿಗೆ."

"ಕೇಳಿಯಾಯ್ತಲ್ಲ ಅವತ್ತೇ. ಆಯ್ತು ಅಂದ. ಅಲ್ವೇನೋ?"

ಇವನು ಅಕ್ಕನನ್ನು ನೋಡಿದ. ನಾನು ಬೆನ್ನು ತಿರುಗಿಸಿ ಕಿಟಕಿಯ ಹತ್ತಿರ ನಿಂತೆ. ನನ್ನ ಮುಖ ನೋಡಿ ಉತ್ತರ ಹೇಳಬಾರದು. ಕೆಳಗೆ ಡ್ರೈವರ್ ಒಮ್ಮೆ ಹಾರ್ನ್ ಮಾಡಿದ.

"ಅಲ್ಲ," ಎಂದ. ಆಮೇಲೆ, ಕಲ್ಲು ಹೊತ್ತು ಮೆಟ್ಟಿಲು ಹತ್ತುವವನ ಹಾಗೆ, ಒಂದೊಂದಾಗಿ, "ಇಲ್ಲೇ. ನಾವು. ಇಲ್ಲೇ."

ಅತ್ತಿಗೆ ಮಂಚದ ಮೇಲೆ ಕುಸಿದರು. ನಾನು ತಿರುಗಿದಾಗ ಅಳುತ್ತಿದ್ದರು. "ಸುಣ್ಣ ಹೊಡಿಸಿದ್ದೆ ಕಣೋ. ನಿನಗೆ ಅಂತ ಕಿಟಕಿ ಹತ್ತಿರ ಜಾಗ ಮಾಡಿದ್ದೆ. ನಾನೇನು ನಿನಗೆ ಹೊರಗಿನವಳಾ?" ತಡೆದು, ಮೂಗೊರೆಸಿಕೊಂಡು, "ಎರಡು ತಿಂಗಳಾದ ಮೇಲೆ ಬಾಯಿ ಬಿಟ್ಟಿದ್ದು ನನ್ನ ಹತ್ರ ಜಗಳ ಆಡೋಕಾ? ಚಿಕ್ಕವನಿದ್ದಾಗಲೂ ಹೀಗೇ, ಹಟಮಾರಿ ಮುಂಡೇದು," ಎಂದು ಅಳುತ್ತಲೇ ನಕ್ಕರು. ಇವನು ಅಕ್ಕನ ಕೈ ಹಿಡಿದುಕೊಂಡ. ಬಿಡಲೇ ಇಲ್ಲ.

ಊಟಕ್ಕೆ ನಿಂತರು. ಸಾಕೆಟ್ಟನ್ನು ಕನ್ನಡಕ ಹಾಕಿಕೊಂಡು ಪರೀಕ್ಷಿಸಿದರು. "ನೀನೇ ಮಾಡಿದ್ಯಾ? ಸ್ವಲ್ಪ ಓರೆಯಾಗಿದೆ," ಎಂದರು. ಹೊರಡುವಾಗ ಇವನು ಹೀಟರಿನ ಕಡೆ ಬೆರಳು ತೋರಿಸಿ, "ಒಯ್ಯಿ" ಎಂದ. ಅಷ್ಟು ದೊಡ್ಡ ಗಾಡಿಯ ನಡುವೆ ಅದೊಂದನ್ನೇ ಹಗ್ಗ ಸುತ್ತಿ ನಿಲ್ಲಿಸಿಕೊಂಡು ಅತ್ತಿಗೆ ಹೋದರು. ಗುರುವಾರ ಮತ್ತೆ ಬರುತ್ತಾರಂತೆ. ಉಣ್ಣೆಯ ಕಾಲುಚೀಲ ತರುತ್ತಾರಂತೆ.

ಫೆಬ್ರವರಿ ೧೯, ಬುಧವಾರ

ಇವನ ಜೊತೆ ಬಾಳುವುದು ನನ್ನಿಂದಾಗದು. ಸಾಕೆಟ್ ಓರೆಯಾಗಿದೆಯೆಂದು ಅಕ್ಕ ಹೇಳಿದ್ದೇ ತಡ, ಮೂರು ದಿನದಿಂದ ಅದೇ ಜಪ. ಬಿಚ್ಚು, ನೇರ ಮಾಡು. ಮಟ್ಟಗೋಲು ತರಿಸಿ ಇಟ್ಟು ನೋಡಿದ್ದಾನೆ. ಒಂದು ಕೂದಲೆಳೆಯಷ್ಟು ವಾರೆ, ಅಷ್ಟೇ. ದೀಪಕ್ಕೆ ಅದರಿಂದ ಏನಾಗಬೇಕು? ಇಂದು ನನಗೆ ಸೊಂಟ ನೋವು, ನಾಳೆ ನೋಡೋಣ ಎಂದೆ.

"ಸೋಮಾರಿ," ಎಂದ. ಅಡುಗೆಮನೆವರೆಗೂ ಕೇಳುವ ಹಾಗೆ.

ಸೋಮಾರಿಯಂತೆ. ನಾನು. ಬೆಳಗಿನಿಂದ ಒಂದು ಕಾಲಲ್ಲಿ ನಿಂತವಳು. ಇಷ್ಟು ದಿನ ಹೂವಿನ ಹಾಗೆ ನೋಡಿಕೊಂಡದ್ದಕ್ಕೆ ಇದು ಬಹುಮಾನ. ನಿನ್ನ ಮಟ್ಟಗೋಲು ನಿನ್ನ ತಲೆಗೇ ಇಟ್ಟು ನೋಡಿಕೋ ಎಂದು ಹೇಳಿ, ಬಾಗಿಲು ಧಡಾರನೆ ಎಳೆದುಕೊಂಡು ಬಂದು ಇಲ್ಲಿ ಹಜಾರದಲ್ಲಿ ಕೂತು ಬರೆಯುತ್ತಿದ್ದೇನೆ. ಇಂದು ಅವನಿಗೆ ಕವಿತೆಯೂ ಇಲ್ಲ, ಮಾತೂ ಇಲ್ಲ.

ಕರೆಯುತ್ತಿದ್ದಾನೆ. ಎಂ.ಎ. ಪಂಡಿತೆ ಎಂದು ಅಣಕಿಸಲು ಮದುವೆಯಾದಾಗಿನಿಂದ ಇಟ್ಟುಕೊಂಡ ಹೆಸರು ಹಿಡಿದು, ಮೊದಲು ಗದರಿ, ಈಗ ಗೋಗರೆದು. ಪಂಡಿತೇ. ಪಂಡಿತೇ.

ಕರೆಯಲಿ. ಇನ್ನೂ ಸ್ವಲ್ಪ ಹೊತ್ತು ಕರೆಯಲಿ.